ಹನ್ನೊಂದು ವರ್ಷ ಏರದ ಬಾಡಿಗೆ

ತ್ರಿಯೆಸ್ತೆಯಲ್ಲಿ ಇವತ್ತು ಬೋರಾ ಗಾಳಿ.
ಹೊರಗೆ ಹೆಂಗಸರು ದೀಪದ ಕಂಬ ಹಿಡಿದು ನಿಂತಿದ್ದಾರೆ,
ಒಳಗೆ ನಾನು ನೂರಿಪ್ಪತ್ತನ್ನು ಹಿಡಿದು ಕೂತಿದ್ದೇನೆ.

ನೂರಿಪ್ಪತ್ತು ಯೂರೋ. ಒಂದು ರಾತ್ರಿಗೆ, ಒಬ್ಬರಿಗೆ,
ತಿಂಡಿ ಸೇರಿ, ನಗರ ತೆರಿಗೆ ಬಿಟ್ಟು.
ಹದಿಮೂರು ವರ್ಷದ ಹಿಂದೆ ಯಾರೋ ಬರೆದ ಸಾಲು.
ಬರೆದವರು ನಿವೃತ್ತರಾದರು,
ಸಾಲು ಆಗಲಿಲ್ಲ.

ನಮ್ಮದು ಕಾಫಿ ಯಂತ್ರದ ಕಂಪನಿ.
ಮೂವತ್ತೊಂದು ಮೆಕ್ಯಾನಿಕ್ಕುಗಳು, ಬಾಯ್ಲರ್ ಕೆಟ್ಟಲ್ಲಿಗೆ ಓಡುತ್ತಾರೆ:
ತೊರಿನೊ, ಬಾರಿ, ಗ್ರಾತ್ಸ್, ಲ್ಯುಬ್ಲಿಯಾನಾ.
ಅವರು ಎಲ್ಲಿ ಮಲಗಬೇಕೆಂದು ಹೇಳುವವಳು ನಾನು.
(ನನ್ನ ಗಂಡನಿಗೆ ಇದು ಇಪ್ಪತ್ತು ವರ್ಷದಿಂದಲೂ ತಮಾಷೆ.)

ಏಪ್ರಿಲ್. ಮಿಲಾನಿನಲ್ಲಿ ಪೀಠೋಪಕರಣಗಳ ಮೇಳ.
ಒಂಬತ್ತು ಗಂಟೆಗೆ ಇನ್ನೂರ ಹತ್ತು ಇದ್ದ ಕೋಣೆ
ನಾನೊಂದು ಕಾಪೊ ಕುಡಿದು ಬರುವಷ್ಟರಲ್ಲಿ
ಮುನ್ನೂರ ನಲವತ್ತು.
ಅದೇ ಕಿಟಕಿ, ಅದೇ ಕಂದು ಪರದೆ.
ಆ ಹದಿನೈದು ನಿಮಿಷದಲ್ಲಿ
ಕೋಣೆ ಹೊಸದಾಗಿ ಏನು ಕಲಿಯಿತು?

ವಾಲ್ತೆರ್‌ನನ್ನು ಲೋದಿಯಲ್ಲಿ ಮಲಗಿಸಿದೆ, ರೈಲಿನಲ್ಲಿ ಹೋಗಿಬರಲಿ ಎಂದು.
ಆರಡಿ ಮೂರಂಗುಲದ ಆಳು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ,
ಅವನು ಫೋಟೋ ಕಳಿಸಿದ:
ಹಾಸಿಗೆ ಮುಗಿದ ಮೇಲೆ ಒಂದು ಕುರ್ಚಿ, ಕುರ್ಚಿಯ ಮೇಲೆ ಎರಡು ಪಾದ.
ಕೆಳಗೆ: ‘ತೊಂಬತ್ತೆಂಟು ಯೂರೋ. ಅಭಿನಂದನೆ, ನೆರೀನಾ.’

ಹೋಟೆಲುಗಳಿಗೆ ಫೋನು ಮಾಡುತ್ತೇನೆ.
‘ವರ್ಷಕ್ಕೆ ನಾನೂರು ರಾತ್ರಿ ಕೊಡುತ್ತೇನೆ’ ಎನ್ನುತ್ತೇನೆ,
ರಾತ್ರಿಗಳೆಲ್ಲ ನನ್ನ ಕಪಾಟಿನಲ್ಲಿ
ಮಡಚಿಟ್ಟಿರುವ ಹಾಗೆ.

ನಿರ್ದೇಶಕ ಕೊಸ್ಸುತ್ತಾ ಪರದೆಯ ಮೇಲೆ ಕೆಂಪು ಗೆರೆ ತೋರಿಸುತ್ತಾರೆ.
‘ಹದಿನೆಂಟು ಶೇಕಡಾ ಏರಿದೆ. ಇಳಿಸಿ.’
ಜ್ವರವೇ ಅದು, ಹಣೆಗೆ ಒದ್ದೆಬಟ್ಟೆ ಹಾಕಲು?

ನನ್ನ ಬಳಿ ಒಂದೇ ಒಂದು ತುರುಪು ಇತ್ತು: ಬೊಲೊನ್ಯಾ.
ಸ್ಟೇಷನ್ನಿನ ಹಿಂದೆ, ಸಿನ್ಯೋರಾ ಯೊಲಾಂದಾಳ ಎಂಟು ಕೋಣೆಯ ವಸತಿ.
ಐವತ್ತನಾಲ್ಕು ಯೂರೋ, ಹನ್ನೊಂದು ವರ್ಷ,
ಒಂದು ಸೆಂಟೂ ಅಲುಗಲಿಲ್ಲ.
ಪ್ರತಿ ಸಭೆಯಲ್ಲೂ ತೋರಿಸುತ್ತಿದ್ದೆ: ನೋಡಿ, ಸಾಧ್ಯವಿದೆ.

ಜನವರಿಯಲ್ಲಿ ತುಲ್ಲಿಯೊ ಮೊಣಕಾಲು ಸೋತು ಮನೆಯಲ್ಲಿ ಕೂತ.
ಅವನ ಬದಲು ದೆನಿಸ್, ಇಪ್ಪತ್ತಾರರ ಹುಡುಗ.
ಮಾರ್ಚಿನ ಬಿಲ್ಲು: ತೊಂಬತ್ತೆರಡು.

ಫೋನೆತ್ತಿದೆ, ಗಂಟಲಿನಲ್ಲಿ ಚೌಕಾಸಿಯ ದನಿ ಸಿದ್ಧ.
ಆಕೆ ಎಲ್ಲ ಕೇಳಿಸಿಕೊಂಡು ಕೇಳಿದಳು,
‘ತುಲ್ಲಿಯೊ ಇನ್ನು ಬರಲ್ವಾ?’

ಆಮೇಲೆ ಹೇಳಿದಳು.
ಬಂದಾಗೆಲ್ಲ, ಊಟಕ್ಕೆ ಮುಂಚೆ,
ಅವಳ ಅಡುಗೆಮನೆಯ ಕಾಫಿ ಯಂತ್ರದ ಹೊಟ್ಟೆ ಬಿಚ್ಚುತ್ತಿದ್ದನಂತೆ,
ಸುಣ್ಣದ ಹೆಕ್ಕಳೆ ಕೆರೆದು, ಹೊಸ ಗ್ಯಾಸ್ಕೆಟ್ ಕೂರಿಸಿ,
ಮೊದಲ ಲೋಟ ತಾನೇ ಕುಡಿದು, ಮುಖ ಕಿವುಚಿ, ಮತ್ತೊಮ್ಮೆ ಬಿಗಿದು.
‘ಅವನು ತಗೋತಿರ್ಲಿಲ್ಲ, ನಾನೂ ಏರಿಸ್ತಿರ್ಲಿಲ್ಲ.
ಈಗ ಗ್ಯಾಸಿನ ಬಿಲ್ಲು, ಬೆಡ್‌ಶೀಟ್ ಒಗೆಯೋನ ಬಿಲ್ಲು,
ಯಂತ್ರನೂ ಫೆಬ್ರವರಿಯಿಂದ ಸೋರ್ತಿದೆ.’

ಅದು ನಮ್ಮ ಕಂಪನಿಯ ಯಂತ್ರವೂ ಅಲ್ಲ,
ಎದುರಾಳಿಗಳದ್ದು.

ಉಗ್ರಾಣದ ಪುಸ್ತಕ ತರಿಸಿದೆ.
ಪ್ರತಿ ವರ್ಷ ಆರು ರಬ್ಬರ್ ಉಂಗುರ ಕಡಿಮೆ,
ತಲಾ ಎಂಬತ್ತು ಸೆಂಟು,
ಎದುರಿಗೆ ತುಲ್ಲಿಯೊನ ಓರೆ ಅಕ್ಷರದಲ್ಲಿ: ಸವಕಳಿ.

ಕೊಸ್ಸುತ್ತಾರಿಗೆ ಏನು ತೋರಿಸಲಿ?
ನನ್ನ ಹಾಳೆಯಲ್ಲಿ ಊರಿದೆ, ದರವಿದೆ, ದಿನಾಂಕವಿದೆ,
ಮುಖ ಕಿವುಚಿ ಕುಡಿದ ಮೊದಲ ಲೋಟಕ್ಕೆ
ಕಾಲಂ ಇಲ್ಲ.

ದೆನಿಸ್‌ನ ರೈಲು ಟಿಕೆಟ್ಟಿನ ಲಕೋಟೆಯೊಳಗೆ
ಎರಡು ಉಂಗುರ ಹಾಕಿ, ಚೀಟಿ ಬರೆದೆ.
ಅವನು ಮೇಜಿನ ಹತ್ತಿರ ಬಂದು ನಿಂತ,
ಒರಟಾಗಿ ಅಲ್ಲ, ನಿಜಕ್ಕೂ ತಿಳಿಯದೆ ಕೇಳಿದ:
‘ಇದಕ್ಕೆ ಓವರ್‌ಟೈಮ್ ಯಾವ ಕೋಡಿನಲ್ಲಿ ಹಾಕಲಿ?’

ಗಾಳಿಗೆ ಕಿಟಕಿ ಗಡಗಡ ಅನ್ನುತ್ತಿದೆ.
ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕು ಕೋಡುಗಳಿವೆ.
ಹುಡುಕುತ್ತಿದ್ದೇನೆ.